ಅಮೆರಿಕದ ಒಬಾಮಾಕೇರ್ ಆರೋಗ್ಯ ವಿಮೆಯ ಪ್ರೀಮಿಯಂ (ವಿಮೆಯ ಕಂತು) ಮೂರು ಪಟ್ಟಿಗೂ ಮೇಲೆ ಹೋಗಿದೆ. ಕಂತು ಕಡಿಮೆ ಇರುವ ಬ್ರಾಂಜ್ ಅಥವಾ ತಾತ್ಕಾಲಿಕ ಶಾರ್ಟ್ ಟರ್ಮ್ ಪ್ಲಾನ್‌ಗೆ ಬದಲಾಯಿಸಬೇಕೆ?

ನೀವು ಬರೆದಿರುವಂತೆ ನಿಮಗೆ ಐವತ್ತಾರು ವರ್ಷ ವಯಸ್ಸು, ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ, ಖಾಯಂ ಕೆಲಸ ಹೋದ ಮೇಲೆ ನಿಮ್ಮದು ಕಾಂಟ್ರಾಕ್ಟ್ ಸಂಬಳ, ಪತ್ನಿಯದು ಅರೆಕಾಲಿಕ ಕೆಲಸ, ಎರಡು ಕಡೆಯಿಂದಲೂ ಕಂಪನಿಯ ವಿಮೆ ಇಲ್ಲ, 2026ರ ಆದಾಯ 88 ಸಾವಿರ ಡಾಲರ್ ಆಸುಪಾಸು. ಟೆಕ್ಸಸ್‌ನಲ್ಲಿ 2019ರಲ್ಲಿ ನಮ್ಮ ಸಂಸಾರವೂ ಹೆಚ್ಚು ಕಡಿಮೆ ಇದೇ ಸ್ಥಿತಿಯಲ್ಲಿತ್ತು. ಆಗ ನನಗೆ ಐವತ್ತೇಳು, ಹೆಂಡತಿಗೆ ಐವತ್ತನಾಲ್ಕು. ಆ ಒಂದು ವರ್ಷದ ವಿಮೆಗಾಗಿ ನಾವು ಹದಿಮೂರು ಸಾವಿರಕ್ಕೂ ಹೆಚ್ಚು ಡಾಲರನ್ನು ಸರ್ಕಾರಕ್ಕೆ ಹಿಂದಿರುಗಿಸಬೇಕಾಯಿತು. ಪ್ಲಾನ್ ಆರಿಸುವುದರಲ್ಲಿ ಎಡವಿದ್ದಕ್ಕೆ ಕಟ್ಟಿದ ಹಣವಲ್ಲ ಅದು. ಆದ್ದರಿಂದ ಯಾವ ಪ್ಲಾನ್ ಎಂಬ ನಿಮ್ಮ ಪ್ರಶ್ನೆಗೆ ಕೊನೆಯಲ್ಲಿ ಬರುತ್ತೇನೆ.

ಒಬಾಮಾಕೇರ್ ಎಂಬ ವಿಮಾ ಸುಧಾರಣೆಯೇ ಪ್ರೀಮಿಯಂ ಏರಿಸಿತು ಎಂದೂ ನೀವು ಬರೆದಿದ್ದೀರಿ. ಕಂಪನಿಗಳು 2026ಕ್ಕೆ ದರ ಏರಿಸಿರುವುದು ನಿಜ, ಆದರೆ ನಿಮ್ಮ ಬಿಲ್ ಮೂರು ಪಟ್ಟಾಗುವುದಕ್ಕೆ ಕಾರಣ ಅದಲ್ಲ. ಒಬಾಮಾಕೇರ್ ಎಂದು ಕರೆಯುವ 2010ರ ಅಫೋರ್ಡಬಲ್ ಕೇರ್ ಆ್ಯಕ್ಟ್‌ನ ಮುಖ್ಯ ನಿಯಮಗಳು ಜಾರಿಗೆ ಬಂದ 2014ರಿಂದೀಚೆಗೆ ವಿಮಾ ಕಂಪನಿ ನಿಮ್ಮ ಮಧುಮೇಹವನ್ನೋ ಹಳೆಯ ಆಪರೇಷನ್ನನ್ನೋ ನೋಡಿ ದರ ಕಟ್ಟುವಂತಿಲ್ಲ; ವಯಸ್ಸು, ಊರು, ತಂಬಾಕು, ಪ್ಲಾನಿನಲ್ಲಿ ಎಷ್ಟು ಜನರಿದ್ದಾರೆ ಎಂಬುದಿಷ್ಟನ್ನೇ ನೋಡಬಹುದು, ಅದರಲ್ಲಿಯೂ 64ರವರಿಗೆ 21ರವರ ಮೂರು ಪಟ್ಟಿಗಿಂತ ಹೆಚ್ಚು ಹಾಕುವಂತಿಲ್ಲ. ನಮ್ಮ ವಯಸ್ಸಿನವರ ಪೂರ್ಣ ಪ್ರೀಮಿಯಂ ಮೊದಲಿನಿಂದಲೂ ದುಬಾರಿಯೇ. ಅದರಲ್ಲಿ ದೊಡ್ಡ ಪಾಲನ್ನು ಸರ್ಕಾರ ತೆರಿಗೆ ಕ್ರೆಡಿಟ್ ರೂಪದಲ್ಲಿ ನೇರವಾಗಿ ಕಂಪನಿಗೆ ಮುಂಗಡ ಕಟ್ಟುತ್ತಿದ್ದುದರಿಂದ ನಿಮ್ಮ ಕಣ್ಣಿಗೆ ಬಿದ್ದಿರಲಿಲ್ಲ. 2021ರಲ್ಲಿ ಕಾಂಗ್ರೆಸ್ ಈ ನೆರವನ್ನು ಹೆಚ್ಚಿಸಿ, ಆದಾಯ ಎಷ್ಟೇ ಇರಲಿ ನೆರವಿನ ಲೆಕ್ಕಕ್ಕೆ ಅಳತೆಗೋಲಾಗಿರುವ ಬೆಂಚ್‌ಮಾರ್ಕ್ ಪ್ಲಾನಿಗೆ ಆದಾಯದ ಶೇಕಡಾ 8.5ಕ್ಕಿಂತ ಹೆಚ್ಚು ಕಟ್ಟಬೇಕಾಗಿಲ್ಲವೆಂದು ಮಾಡಿತು. ಆ ಹೆಚ್ಚುವರಿ ನೆರವಿನ ಅವಧಿ 2025ರ ಡಿಸೆಂಬರ್ 31ಕ್ಕೆ ಮುಗಿದು, ಹಳೆಯ ಗಡಿ ಮತ್ತೆ ಜೀವ ಪಡೆಯಿತು: ಫೆಡರಲ್ ಬಡತನ ರೇಖೆಯ 400 ಶೇಕಡಾ ದಾಟಿದರೆ ನೆರವು ಸೊನ್ನೆ. ಇಬ್ಬರ ಮನೆಗೆ 2026ರಲ್ಲಿ ಆ ಗಡಿ 84,600 ಡಾಲರ್. ನೀವು 88 ಸಾವಿರದಲ್ಲಿದ್ದೀರಿ.

ನಮ್ಮ ಕಾಲದಲ್ಲಿ ಇದೇ ಗಡಿ 65,840 ಡಾಲರ್ ಇತ್ತು. 2018ರ ಕೊನೆಯಲ್ಲಿ ಮಾರ್ಕೆಟ್‌ಪ್ಲೇಸ್, ಎಂದರೆ ಈ ವಿಮೆ ಕೊಳ್ಳುವ ಸರ್ಕಾರಿ ತಾಣದ ಅರ್ಜಿ ತುಂಬುವಾಗ ನನ್ನ ಕಾಂಟ್ರಾಕ್ಟ್ ಸಂಬಳ, ಹೆಂಡತಿಯ ಶಾಲೆಯ ಸಂಬಳ, ಇಲ್ಲಿನ ಬ್ಯಾಂಕಿನ ಪುಡಿ ಬಡ್ಡಿ ಎಲ್ಲವನ್ನೂ ಕೂಡಿ 62 ಸಾವಿರ ಎಂದು ಅಂದಾಜು ಬರೆದೆ. ಅದು ಪ್ರಾಮಾಣಿಕ ಅಂದಾಜೇ ಆಗಿತ್ತು. ಆ ವರ್ಷದ ನಿಯಮದಂತೆ ಗಡಿಯ ಅಂಚಿನಲ್ಲಿರುವವರು ಬೆಂಚ್‌ಮಾರ್ಕ್ ಪ್ಲಾನಿಗೆ ಆದಾಯದ ಶೇಕಡಾ 9.86, ಎಂದರೆ ವರ್ಷಕ್ಕೆ ಆರೂವರೆ ಸಾವಿರದೊಳಗೆ ಕಟ್ಟಿದರೆ ಸಾಕಿತ್ತು, ಉಳಿದದ್ದು ಸರ್ಕಾರದ್ದು. ವರ್ಷದ ಕೊನೆಗೆ ಸಂಬಳಗಳ ಮೊತ್ತ 63 ಸಾವಿರದ ಮೇಲೆ ಸ್ವಲ್ಪ ಏರಿತು. ಗಡಿಗೆ ಇನ್ನೂ ಎರಡು ಸಾವಿರ ಡಾಲರಿಗೂ ಹೆಚ್ಚು ಜಾಗವಿದೆಯಲ್ಲ ಎಂದು ನಿಶ್ಚಿಂತೆಯಿಂದ ರಿಟರ್ನ್ ಸಲ್ಲಿಸಿದೆ.

ಎಡವಿದ್ದು ಎಲ್ಲಿ ಎಂಬುದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಇಲ್ಲಿನ ನಮ್ಮವರಲ್ಲಿ ಅರ್ಧಕ್ಕರ್ಧ ಜನರ ಬಳಿ ಇದೇ ವಸ್ತು ಇರುತ್ತದೆ ಎಂದು ನನ್ನ ಗುಮಾನಿ. ಊರಿನ ಬ್ಯಾಂಕಿನಲ್ಲಿ ನನ್ನ ಹೆಸರಿಗೆ ಇಪ್ಪತ್ತೈದು ಲಕ್ಷ ರೂಪಾಯಿಯ ಎನ್‌ಆರ್‌ಇ (ಅನಿವಾಸಿ ಭಾರತೀಯರ) ನಿಶ್ಚಿತ ಠೇವಣಿ ಇತ್ತು. ಎನ್‌ಆರ್‌ಇ ಬಡ್ಡಿಗೆ ಭಾರತದಲ್ಲಿ ಆದಾಯ ತೆರಿಗೆ ಇಲ್ಲ. ಬ್ಯಾಂಕಿನವರು ಟಿಡಿಎಸ್ ಕೂಡ ಹಿಡಿಯುವುದಿಲ್ಲ. ತೆರಿಗೆ ಇಲ್ಲದ ಹಣ ಎಂಬ ಮಾತು ವರ್ಷಗಟ್ಟಲೆ ಕಿವಿಗೆ ಬಿದ್ದು, ಅದು ಆದಾಯವೇ ಅಲ್ಲ ಎಂಬ ನಂಬಿಕೆಯಾಗಿ ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತ್ತು. ರಿಟರ್ನ್ ತಯಾರಿಸಿದವರು ವಿದೇಶದ ಆದಾಯವೇನಾದರೂ ಇದೆಯೇ ಎಂದು ಕೇಳಿಯೇ ಕೇಳಿದರು. ಬಾಡಿಗೆ ಇಲ್ಲ, ಸಂಬಳ ಇಲ್ಲ, ಆದ್ದರಿಂದ ಇಲ್ಲ ಎಂದೆ. ಆದರೆ ಅಮೆರಿಕದ ತೆರಿಗೆ ನಿವಾಸಿಗೆ ಜಗತ್ತಿನ ಯಾವ ಮೂಲೆಯಲ್ಲಿ ಹುಟ್ಟಿದ ಬಡ್ಡಿಯೂ ಆದಾಯವೇ. ಭಾರತ ಅದಕ್ಕೆ ತೆರಿಗೆ ಬಿಟ್ಟಿದ್ದರೆ ಅದು ಭಾರತದ ಔದಾರ್ಯ. ಅಲ್ಲಿ ತೆರಿಗೆ ಕಟ್ಟಿಲ್ಲವಾದ್ದರಿಂದ ಇಲ್ಲಿ ಅದಕ್ಕೆ ವಜಾ ಕೂಡ ಸಿಗುವುದಿಲ್ಲ. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿರುವುದಿಲ್ಲ: ವಿಮೆಯ ನೆರವಿಗಾಗಿ ಆದಾಯ ಲೆಕ್ಕ ಹಾಕುವಾಗ ಅಮೆರಿಕದಲ್ಲಿಯೇ ತೆರಿಗೆ ಇಲ್ಲದ ಮುನಿಸಿಪಲ್ ಬಾಂಡ್ ಬಡ್ಡಿಯನ್ನು ಸಹ ಕೂಡಿಸುತ್ತಾರೆ. ತೆರಿಗೆ ಇದೆಯೇ ಇಲ್ಲವೇ ಎಂಬ ಪ್ರಶ್ನೆಯನ್ನು ಹಿಡಿದು ಹೊರಟರೆ ಈ ಲೆಕ್ಕ ತಪ್ಪುವುದು ಖಂಡಿತ.

ಮರುವರ್ಷದ ಶರತ್ಕಾಲದಲ್ಲಿ ವಿದೇಶಿ ಖಾತೆಗಳ ವರದಿ, ಎಂದರೆ ಎಲ್ಲರೂ ಎಫ್‌ಬಾರ್ ಎನ್ನುವ ನಮೂನೆ, ತುಂಬಲು ಕೂತಾಗ ಊರಿನ ಬ್ಯಾಂಕಿನಿಂದ ಬಡ್ಡಿಯ ಪ್ರಮಾಣಪತ್ರ ತರಿಸಿದೆ. ಅದು ಏಪ್ರಿಲಿನಿಂದ ಮಾರ್ಚ್‌ವರೆಗಿನದು. ನನಗೆ ಬೇಕಾದದ್ದು ಜನವರಿಯಿಂದ ಡಿಸೆಂಬರ್‌ವರೆಗಿನದು. ಎರಡು ವರ್ಷಗಳ ಪ್ರಮಾಣಪತ್ರ ಇಟ್ಟುಕೊಂಡು, ಪಾಸ್‌ಬುಕ್ಕಿನ ಮೂರು ತಿಂಗಳಿಗೊಮ್ಮೆಯ ಜಮೆಗಳನ್ನು ಪೆನ್ಸಿಲ್‌ನಲ್ಲಿ ಗುರುತು ಮಾಡಿ ಕೂಡಿದರೆ 2019ರ ಬಡ್ಡಿ ಸುಮಾರು ಎರಡು ಸಾವಿರದ ನಾನೂರು ಡಾಲರ್ ಬಂತು. ಇದನ್ನು ಸೇರಿಸಿದರೆ ಗಡಿಯನ್ನು ಕೆಲವೇ ನೂರು ಡಾಲರಿನಿಂದ ದಾಟಿದ್ದೆವು. ಗೊತ್ತಾದ ಮೇಲೆ ಮುಚ್ಚಿಡುವ ಪ್ರಶ್ನೆ ಇರಲಿಲ್ಲ. 1040-ಎಕ್ಸ್ ಎಂಬ ತಿದ್ದುಪಡಿ ರಿಟರ್ನ್ ಹಾಕಿ ತಿದ್ದಲು ಹೊರಟೆ. ವಿಮೆಯ ಕ್ರೆಡಿಟ್ ಲೆಕ್ಕ ಹಾಕುವ ಫಾರ್ಮ್ 8962ರ ಐದನೆಯ ಸಾಲಿನಲ್ಲಿ ಆದಾಯವು ಬಡತನ ರೇಖೆಯ ಎಷ್ಟು ಶೇಕಡಾ ಎಂದು ಬರೆಯಬೇಕು, 400 ಮೀರಿದರೆ ಎಷ್ಟೇ ಮೀರಿರಲಿ 401 ಎಂದೇ ಬರೆಯಬೇಕು. ಆರನೆಯ ಸಾಲು, ನೀವು 401 ಎಂದು ಬರೆದಿರಾ ಎಂದು ಕೇಳುತ್ತದೆ. ಹೌದು ಎಂದರೆ ನಿಮಗೆ ಕ್ರೆಡಿಟ್ ಇಲ್ಲ, ಮುಂಗಡವಾಗಿ ಪಡೆದಿದ್ದನ್ನು ಹಿಂದಿರುಗಿಸಿ. ಕಡಿಮೆ ಆದಾಯದವರಿಗೆ ಮರುಪಾವತಿಗೆ ಮಿತಿ ಇತ್ತು, ಗಡಿ ದಾಟಿದವರಿಗೆ ಇರಲಿಲ್ಲ. ಮಾರ್ಕೆಟ್‌ಪ್ಲೇಸ್ ಕಳುಹಿಸಿದ್ದ 1095-ಎ ಕಾಗದದ ಕೊನೆಯ ಅಂಕಣದಲ್ಲಿ ಸರ್ಕಾರ ತಿಂಗಳು ತಿಂಗಳು ಕಟ್ಟಿದ್ದ ಮೊತ್ತಗಳಿದ್ದವು. ಅಷ್ಟನ್ನೂ, ಮೇಲೆ ಬಡ್ಡಿಯನ್ನೂ ಕಟ್ಟಿದೆವು. 2021ರ ಮಾರ್ಚ್‌ನಲ್ಲಿ ಬಂದ ಕಾನೂನು ಇಂತಹ ಮರುಪಾವತಿಯನ್ನು ಮನ್ನಾ ಮಾಡಿತು, ಆದರೆ 2020ರ ತೆರಿಗೆ ವರ್ಷಕ್ಕೆ ಮಾತ್ರ. ನಮ್ಮದು 2019.

ಇದರಲ್ಲಿ ಇಂದಿಗೂ ನನ್ನ ಹೊಟ್ಟೆ ಉರಿಸುವುದು ಕಟ್ಟಿದ ಹಣಕ್ಕಿಂತ, ಅದನ್ನು ತಪ್ಪಿಸುವುದು ಎಷ್ಟು ಸುಲಭವಿತ್ತು ಎಂಬುದು. ಇಬ್ಬರಿಗೂ ಕಂಪನಿಯ ನಿವೃತ್ತಿ ಯೋಜನೆ ಇರಲಿಲ್ಲವಾದ್ದರಿಂದ ಸಾಂಪ್ರದಾಯಿಕ ಐಆರ್‌ಎ ಎಂಬ ಸ್ವಂತ ನಿವೃತ್ತಿ ಉಳಿತಾಯ ಖಾತೆಗೆ ಆ ವರ್ಷ ಐವತ್ತು ದಾಟಿದ ತಲಾ ಒಬ್ಬರು 7,000 ಡಾಲರ್‌ವರೆಗೆ ಹಾಕಿ ಅಷ್ಟನ್ನೂ ಆದಾಯದಿಂದ ಕಳೆಯಬಹುದಿತ್ತು, ಅದನ್ನು ವರ್ಷ ಮುಗಿದ ಮೇಲೆಯೂ ರಿಟರ್ನಿನ ಕೊನೆಯ ದಿನದವರೆಗೆ ಹಾಕಬಹುದಿತ್ತು. ನನಗೆ ಬೇಕಾಗಿದ್ದದ್ದು ಬರೀ ಒಂದು ಸಾವಿರ. ಎಫ್‌ಬಾರ್‌ಗೆ ಅಕ್ಟೋಬರ್‌ವರೆಗೆ ತಾನಾಗಿಯೇ ಸಿಗುವ ಹೆಚ್ಚುವರಿ ಗಡುವನ್ನು ನಂಬಿಕೊಂಡು ಬಡ್ಡಿಯ ಕಾಗದವನ್ನು ತಡವಾಗಿ ತರಿಸಿದ್ದರಿಂದ, ಕಾಗದ ಕೈಗೆ ಬರುವ ಹೊತ್ತಿಗೆ ಐಆರ್‌ಎ ಬಾಗಿಲು ಮುಚ್ಚಿತ್ತು.

ಈಗ ನಿಮ್ಮ ಲೆಕ್ಕ. 88 ಸಾವಿರದಿಂದ 84,600ಕ್ಕೆ ಇಳಿಯಲು ಬೇಕಾದದ್ದು 3,400 ಡಾಲರ್. ಎನ್‌ಆರ್‌ಇ ಬಡ್ಡಿ, ಊರಿನ ಮನೆಯ ಬಾಡಿಗೆ ಮುಂತಾದವು ನಿಮ್ಮ 88 ಸಾವಿರದಲ್ಲಿ ಸೇರಿಲ್ಲವಾದರೆ ಅವನ್ನೂ ಸೇರಿಸಿ ಮತ್ತೆ ಕೂಡಿ. 2026ರಲ್ಲಿ ಐವತ್ತು ದಾಟಿದವರಿಗೆ ಐಆರ್‌ಎ ಮಿತಿ 8,600 ಡಾಲರ್. ಇಬ್ಬರಿಗೂ ಸಂಬಳವಿದೆ, ಕೆಲಸದ ಕಡೆ ನಿವೃತ್ತಿ ಯೋಜನೆ ಇಲ್ಲದಿದ್ದರೆ ಪೂರ್ತಿ ಕಳೆಯಬಹುದು. ಗಡಿಯ ಕೆಳಗೆ ನಿಂತರೆ ಬೆಂಚ್‌ಮಾರ್ಕ್ ಸಿಲ್ವರ್ ಪ್ಲಾನಿಗೆ ನಿಮ್ಮ ಪಾಲು ಆದಾಯದ ಶೇಕಡಾ 9.96, ಎಂದರೆ ವರ್ಷಕ್ಕೆ 8,400 ಡಾಲರ್ ಆಸುಪಾಸು. 2025ರಲ್ಲಿ ಇದೇ ಆದಾಯಕ್ಕೆ 7,500ರಷ್ಟು ಕಟ್ಟುತ್ತಿದ್ದಿರಿ. ಹೆಚ್ಚಳ ಇದೆ, ಆದರೆ ಮೂರು ಪಟ್ಟಲ್ಲ. ಗಡಿಗೆ ಅಂಟಿಕೊಂಡು ನಿಲ್ಲಬೇಡಿ, ಎರಡು ಮೂರು ಸಾವಿರ ಕೆಳಗಿರಿ. ಮ್ಯೂಚುಯಲ್ ಫಂಡುಗಳು ಡಿಸೆಂಬರಿನಲ್ಲಿ ಹಂಚುವ ಲಾಭಾಂಶ ನಿಮ್ಮನ್ನು ಕೇಳಿ ಬರುವುದಿಲ್ಲ. ಮುಂಗಡವನ್ನೂ ಪೂರ್ತಿ ತೆಗೆದುಕೊಳ್ಳಬೇಡಿ. ಒಂದು ಭಾಗ ಮಾತ್ರ ಪಡೆದು ಉಳಿದದ್ದನ್ನು ರಿಟರ್ನಿನಲ್ಲಿ ಕೇಳಿಕೊಳ್ಳಲು ಅವಕಾಶವಿದೆ, ಮತ್ತು 2026ರ ತೆರಿಗೆ ವರ್ಷದಿಂದ ಮರುಪಾವತಿಯ ಮಿತಿಗಳನ್ನು ಎಲ್ಲರಿಗೂ ತೆಗೆದುಹಾಕಿರುವುದರಿಂದ ಗಡಿಯೊಳಗಿದ್ದೂ ಅಂದಾಜು ತಪ್ಪಿದವರು ಹೆಚ್ಚಾಗಿ ಪಡೆದ ಪ್ರತಿ ಡಾಲರನ್ನೂ ಹಿಂದಿರುಗಿಸಬೇಕು.

ಶಾರ್ಟ್ ಟರ್ಮ್ ಪ್ಲಾನಿನ ವಿಚಾರ ಬಿಟ್ಟುಬಿಡಿ. ಅದಕ್ಕೆ ಸುಧಾರಣೆಯ ನಿಯಮಗಳು ಅನ್ವಯಿಸುವುದಿಲ್ಲ, ಹಳೆಯ ಕಾಯಿಲೆಗೆ ಹಣ ಕೊಡುವುದಿಲ್ಲ, ಅವಧಿ ಮುಗಿದಾಗ ವರ್ಷದ ನಡುವೆ ಮಾರ್ಕೆಟ್‌ಪ್ಲೇಸ್ ಸೇರಲು ಅದನ್ನು ಕಾರಣವಾಗಿ ಒಪ್ಪುವುದೂ ಇಲ್ಲ. ಬ್ರಾಂಜ್‌ನ ಮಾತು ಬೇರೆ. ಇಬ್ಬರೂ ಆರೋಗ್ಯವಾಗಿದ್ದು, ಕೆಟ್ಟ ವರ್ಷವೊಂದರಲ್ಲಿ 21,200 ಡಾಲರ್‌ವರೆಗೆ ಕೈಯಿಂದ ಹೋಗಬಹುದು ಎಂಬುದನ್ನು ತಡೆದುಕೊಳ್ಳುವ ಶಕ್ತಿ ಇದ್ದರೆ ಮಾತ್ರ ಅತ್ತ ನೋಡಿ. 2026ರಿಂದ ಮಾರ್ಕೆಟ್‌ಪ್ಲೇಸಿನ ಎಲ್ಲ ಬ್ರಾಂಜ್ ಪ್ಲಾನುಗಳ ಜೊತೆ ಎಚ್‌ಎಸ್‌ಎ, ಎಂದರೆ ಚಿಕಿತ್ಸೆಯ ಖರ್ಚಿಗಾಗಿ ಉಳಿಸುವ ಖಾತೆ ತೆರೆಯಬಹುದು. ಇಬ್ಬರ ಮನೆಗೆ 8,750 ಡಾಲರ್, ಐವತ್ತೈದು ದಾಟಿದವರಿಗೆ ತಲಾ ಇನ್ನೊಂದು ಸಾವಿರ. ಆ ಹಣವೂ ಇದೇ ಆದಾಯದಿಂದ ಕಳೆಯುತ್ತದೆ. ಸಿಲ್ವರ್ ಆರಿಸುವ ಮೊದಲು ಚಿಕಿತ್ಸೆಯ ಹೆಚ್ಚು ವೆಚ್ಚ ಭರಿಸುವ ಗೋಲ್ಡ್ ಪ್ಲಾನುಗಳಿಗೆ ನಿಮ್ಮ ಕೌಂಟಿಯಲ್ಲಿರುವ ದರವನ್ನೂ ನೋಡಿ: ಬಡವರ ಡಿಡಕ್ಟಿಬಲ್ (ವಿಮೆ ಕೊಡುವ ಮೊದಲು ಕೈಯಿಂದ ಕಟ್ಟುವ ಮೊತ್ತ) ಇಳಿಸಲು ಕಂಪನಿಗಳಿಗೆ ಕೊಡುತ್ತಿದ್ದ ಹಣವನ್ನು ಸರ್ಕಾರ 2017ರ ಅಕ್ಟೋಬರಿನಲ್ಲಿ ನಿಲ್ಲಿಸಿದ ಮೇಲೆ ಅವು ಆ ವೆಚ್ಚವನ್ನು ಸಿಲ್ವರ್ ದರದ ಮೇಲೆಯೇ ಹೇರಿದ್ದರಿಂದ, ಕೆಲವು ಕಡೆ ಗೋಲ್ಡ್ ಅದಕ್ಕಿಂತ ಅಗ್ಗವಾಗಿ ಸಿಗುತ್ತದೆ. ಟೆಕ್ಸಸ್‌ನಲ್ಲಿ ಈಗ ನಮ್ಮಿಬ್ಬರದೂ ಗೋಲ್ಡ್ ಪ್ಲಾನೇ.