ಹ್ಯೂಸ್ಟನ್‌ಗೆ ಬರುತ್ತಿದ್ದೇವೆ. ಮನೆ ಕೊಳ್ಳಲು ಹ್ಯಾರಿಸ್ ಕೌಂಟಿ ಒಳ್ಳೆಯದೋ, ಫೋರ್ಟ್ ಬೆಂಡ್ ಕೌಂಟಿಯೋ?

2019ರಲ್ಲಿ ನಮ್ಮ ಮನೆಯಲ್ಲೂ ಊಟಕ್ಕೆ ಕೂತಾಗಲೆಲ್ಲ ಇದೇ ಮಾತು. ಫೋರ್ಟ್ ಬೆಂಡ್‌ನಲ್ಲಿ ನಮ್ಮವರು ಹೆಚ್ಚು, ಹ್ಯಾರಿಸ್‌ನಲ್ಲಿ ಟ್ಯಾಕ್ಸ್ ಹೆಚ್ಚು ಅಂತ ನಿಮಗೆ ಯಾರೋ ಹೇಳಿದ್ದಾರೆ, ಅದನ್ನು ನಂಬಿಕೊಂಡು ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಆರಿಸಲು ಹೊರಟಿದ್ದೀರಿ. ನಾನೂ ಹಾಗೇ ಹೊರಟವನು. ಕೌಂಟಿ ನೋಡಿ ಮನೆ ಹುಡುಕಬೇಡಿ. ಯಾಕೆ ಅಂತ ನನ್ನ ಕತೆಯಿಂದಲೇ ಹೇಳುತ್ತೇನೆ.

ನಾವು ಶಿಕಾಗೊದಿಂದ ವರ್ಗವಾಗಿ ಬಂದೆವು. ಕೊನೆಗೆ ಕೊಂಡದ್ದು ಹ್ಯಾರಿಸ್ ಕೌಂಟಿಯ ವಾಯವ್ಯ ಮೂಲೆಯಲ್ಲಿ, ಸೈಪ್ರಸ್ ಕಡೆ, ಗ್ರ್ಯಾಂಡ್ ಪಾರ್ಕ್‌ವೇ ರಸ್ತೆ ಬಂದ ಮೇಲೆ ಎದ್ದ ಹೊಸ ಬಡಾವಣೆಯಲ್ಲಿ. ವಿಳಾಸದಲ್ಲಿ ಸೈಪ್ರಸ್ ಅಂತ ಇದೆ, ಆದರೆ ಸೈಪ್ರಸ್‌ಗೆ ಮೇಯರ್ ಇಲ್ಲ, ಸಿಟಿ ಕೌನ್ಸಿಲ್ ಇಲ್ಲ. ಅಂಚೆ ವಿಳಾಸಕ್ಕೆ ಸೈಪ್ರಸ್, ಆಡಳಿತದ ಲೆಕ್ಕದಲ್ಲಿ ಯಾವ ನಗರಕ್ಕೂ ಸೇರದ ಜಾಗ. ಇಂಥ ಜಾಗದಲ್ಲಿ ಇರುವವರು ಬೆರಳೆಣಿಕೆಯ ಜನ ಅಂದುಕೊಳ್ಳಬೇಡಿ. 2020ರ ಜನಗಣತಿಯಲ್ಲಿ ಹ್ಯಾರಿಸ್ ಕೌಂಟಿಯ ಜನಸಂಖ್ಯೆ 47 ಲಕ್ಷ 31 ಸಾವಿರ. ಲಾಸ್ ಏಂಜಲೀಸ್ ಮತ್ತು ಶಿಕಾಗೊದ ಕುಕ್ ಕೌಂಟಿ ಬಿಟ್ಟರೆ ಇಡೀ ದೇಶದಲ್ಲಿ ಇದೇ ದೊಡ್ಡದು. ಅದರಲ್ಲಿ ಹ್ಯೂಸ್ಟನ್ ನಗರದವರು ಸುಮಾರು 23 ಲಕ್ಷ. ಪ್ಯಾಸಡೀನಾ, ಬೇಟೌನ್, ಬೆಲ್ಲೇರ್ ಥರದ ಸಣ್ಣ ನಗರಗಳನ್ನೂ ಕಳೆದರೆ ಉಳಿಯುವ ಸುಮಾರು 20 ಲಕ್ಷ ಜನ ಯಾವ ನಗರಸಭೆಯ ಕೆಳಗೂ ಬರುವುದಿಲ್ಲ. ಅವರೆಲ್ಲ ಸೇರಿ ಒಂದು ನಗರವಾಗಿದ್ದರೆ ಅಮೆರಿಕದ ಮೊದಲ ಐದು ದೊಡ್ಡ ನಗರಗಳಲ್ಲಿ ಒಂದಾಗಿರುತ್ತಿತ್ತು. ಹೊಸ ಬಡಾವಣೆಗಳಲ್ಲಿ ಮನೆ ಕೊಂಡರೆ ನೀವೂ ಬಹುತೇಕ ಇವರಲ್ಲಿ ಒಬ್ಬರಾಗುತ್ತೀರಿ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಇದೊಂದನ್ನು ಬಿಡಿಸಿ ಬಿಡಿಸಿ ಹೇಳುತ್ತೇನೆ, ದಯವಿಟ್ಟು ಹಾರಿಸಿ ಓದಬೇಡಿ.

ಟೆಕ್ಸಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ ಅಂತ ನಿಮಗೆ ಗೊತ್ತಿರುತ್ತದೆ. ಆದರೆ ಮನೆಯ ಮೇಲಿನ ತೆರಿಗೆ ಜೋರು. ಮನೆ ನೋಡುವಾಗ ಆ ಜಾಗದ ಹಿಂದಿನ ತೆರಿಗೆ ಬಿಲ್ ತರಿಸಿಕೊಂಡೆ, ಮೊತ್ತ ನೋಡಿ ಹಿಗ್ಗಿದೆ. ವರ್ಷಕ್ಕೆ ಎರಡು ಸಾವಿರ ಡಾಲರ್ ಕೂಡ ಇರಲಿಲ್ಲ. ಅದನ್ನೇ ಹನ್ನೆರಡರಿಂದ ಭಾಗಿಸಿ, ಸಾಲದ ಕಂತಿಗೆ ಕೂಡಿಸಿ, ಸಂಬಳಕ್ಕೆ ಹೊಂದುತ್ತದೆ ಅಂತ ಮನೆ ತೆಗೆದುಕೊಂಡೆ. ನಾನು ನೋಡದೇ ಬಿಟ್ಟದ್ದು ಒಂದು ತಾರೀಕು: ಜನವರಿ 1. ಈ ರಾಜ್ಯದಲ್ಲಿ ಆಸ್ತಿಗೆ ಬೆಲೆ ಕಟ್ಟುವುದು ಆ ವರ್ಷದ ಜನವರಿ 1ರಂದು ಅದು ಹೇಗಿತ್ತೋ ಹಾಗೆ. ನಾನು ಹಿಡಿದುಕೊಂಡಿದ್ದ ಬಿಲ್ಲಿನ ಜನವರಿ 1ರಂದು ಅಲ್ಲಿ ಮನೆಯೇ ಇರಲಿಲ್ಲ, ಖಾಲಿ ಸೈಟು. ನಾವು ಹೊಕ್ಕ ವರ್ಷದ ಬಿಲ್ಲೂ ಖಾಲಿ ಸೈಟಿನದೇ. ಮನೆಗೆ ಪೂರ್ತಿ ಬೆಲೆ ಕಟ್ಟಿದ್ದು 2020ರ ಜನವರಿಯ ಲೆಕ್ಕದಲ್ಲಿ. ಆ ಬಿಲ್ ಬಂದದ್ದು ಆ ವರ್ಷದ ಕೊನೆಗೆ.

ದುಂಡು ಅಂಕಿಯಲ್ಲಿ ಹೇಳಿದರೆ ನಿಮಗೆ ಸುಲಭ. ಸೈಟು 60 ಸಾವಿರ ಡಾಲರಿನದು, ತೆರಿಗೆ ದರ 100 ಡಾಲರಿಗೆ 3.20 ಅಂದರೆ ಬಿಲ್ 1,920 ಡಾಲರ್. ಅದೇ ಜಾಗ ಮನೆ ಸಮೇತ 4 ಲಕ್ಷ ಅಂದರೆ, ವಿನಾಯಿತಿ ಲೆಕ್ಕಕ್ಕೆ ಹಿಡಿಯದೆ, 12,800. ತಿಂಗಳಿಗೆ ಸುಮಾರು 900 ಡಾಲರಿನ ವ್ಯತ್ಯಾಸ. ಇಷ್ಟಕ್ಕೇ ಮುಗಿಯುವುದಿಲ್ಲ. ತೆರಿಗೆಯನ್ನು ಸಾಮಾನ್ಯವಾಗಿ ನೀವು ನೇರವಾಗಿ ಕಟ್ಟುವುದಿಲ್ಲ. ಸಾಲ ಕೊಟ್ಟವರು ಕಂತಿನ ಜೊತೆಗೇ ವಸೂಲಿ ಮಾಡಿ ಎಸ್ಕ್ರೋ ಖಾತೆಯಲ್ಲಿಟ್ಟು ಕಟ್ಟುತ್ತಾರೆ. ವರ್ಷವಿಡೀ ಅವರು ಸಣ್ಣ ಬಿಲ್ಲಿನ ಲೆಕ್ಕದಲ್ಲಿ ಹಿಡಿದು, ವರ್ಷದ ಕೊನೆಗೆ ದೊಡ್ಡ ಬಿಲ್ ಕಟ್ಟಿರುತ್ತಾರೆ. ಖಾತೆಯಲ್ಲಿ ಕೊರತೆ ಬಿತ್ತು. ಹೀಗಾಗಿ ಮುಂದಿನ ಹನ್ನೆರಡು ತಿಂಗಳು ಹೊಸ ತೆರಿಗೆಯ 900 ಒಂದು ಕಡೆ, ಹಳೇ ಕೊರತೆ ತುಂಬುವ 900 ಇನ್ನೊಂದು ಕಡೆ. 2021ರ ಆರಂಭದಲ್ಲಿ ಆ ಕಾಗದ ಬಂದಾಗ ಬ್ಯಾಂಕಿನವರೇ ತಪ್ಪು ಮಾಡಿದ್ದಾರೆ ಅಂತ ಫೋನ್ ಹಚ್ಚಿದೆ. ಅವರ ಲೆಕ್ಕ ಸರಿಯಾಗಿಯೇ ಇತ್ತು. ಆ ವರ್ಷ ಊರಿಗೆ ಹೋಗಲಿಲ್ಲ, ಎರಡನೇ ಕಾರು ಮಾರಿದೆವು, ಮಗಳ ಕಾಲೇಜಿಗೆ ಅಂತ ಇಟ್ಟಿದ್ದ ದುಡ್ಡಿಗೂ ಕೈ ಹಾಕಿದೆವು.

ಮೊತ್ತ ಬಿಟ್ಟು ದರ ನೋಡಿದ್ದರೆ ಇದೆಲ್ಲ ಅಂದೇ ತಿಳಿಯುತ್ತಿತ್ತು. ಕ್ಲೋಸಿಂಗ್ ದಿನ, ಅಂದರೆ ಮನೆ ನಮ್ಮ ಹೆಸರಿಗಾದ ದಿನ, ಸಹಿ ಹಾಕಿದ ಕಾಗದದ ಕಂತೆಯಲ್ಲಿ ಅದು ಇತ್ತು ಕೂಡ. ಈ ಆಸ್ತಿ ಇಂಥ ಡಿಸ್ಟ್ರಿಕ್ಟ್‌ನೊಳಗಿದೆ (ಇಲ್ಲಿ ಡಿಸ್ಟ್ರಿಕ್ಟ್ ಅಂದರೆ ಜಿಲ್ಲೆಯಲ್ಲ, ಯಾವುದೋ ಒಂದು ಕೆಲಸಕ್ಕೆ ಅಂತ ಇರುವ ಸಂಸ್ಥೆ), ಅದಕ್ಕೆ ತೆರಿಗೆ ಹಾಕುವ ಅಧಿಕಾರವಿದೆ, ಸದ್ಯದ ದರ ಇಷ್ಟು, ಮತದಾರರು ಒಪ್ಪಿದ ಬಾಂಡ್ (ಸಾಲಪತ್ರ) ಇಷ್ಟು, ಈವರೆಗೆ ತಂದ ಸಾಲ ಇಷ್ಟು ಅಂತ ಸ್ಪಷ್ಟವಾಗಿ ಬರೆದ ನೋಟಿಸು. ಕೊಳ್ಳುವವರಿಗೆ ಅದನ್ನು ಕೊಡಲೇಬೇಕು ಅಂತ ಕಾನೂನೇ ಇದೆ. ನಾನು ಓದದೆ ಸಹಿ ಹಾಕಿದೆ.

ಆ ಡಿಸ್ಟ್ರಿಕ್ಟ್‌ನ ಪೂರ್ತಿ ಹೆಸರು ಮುನಿಸಿಪಲ್ ಯುಟಿಲಿಟಿ ಡಿಸ್ಟ್ರಿಕ್ಟ್. ಇಲ್ಲಿ ಎಲ್ಲರೂ ಮಡ್ ಅನ್ನುತ್ತಾರೆ. ನಗರಸಭೆ ಇಲ್ಲದ ಬಯಲಿನಲ್ಲಿ ನೀರು, ಒಳಚರಂಡಿ, ಮಳೆನೀರಿನ ಕಾಲುವೆ ಯಾರು ಹಾಕಬೇಕು? ಬಿಲ್ಡರ್ ಹಾಕುತ್ತಾನೆ, ಮಡ್ ಬಾಂಡ್ ಮಾರಿ ಆ ಖರ್ಚನ್ನು ಅವನಿಗೆ ತೀರಿಸುತ್ತದೆ, ಆ ಸಾಲವನ್ನು ಮನೆ ಕೊಂಡವರು ವರ್ಷಗಟ್ಟಲೆ ತೆರಿಗೆಯಾಗಿ ತೀರಿಸುತ್ತಾರೆ. ಬಾಂಡಿಗೆ ಒಪ್ಪಿಗೆ ಕೊಟ್ಟವರು ಆ ಜಾಗ ಖಾಲಿ ಇದ್ದಾಗ ಅಲ್ಲಿದ್ದ ಕೆಲವೇ ಮತದಾರರು. ಇದು ನ್ಯಾಯ ಅಂತ ನನಗೆ ಇವತ್ತಿಗೂ ಅನ್ನಿಸುವುದಿಲ್ಲ. ಆದರೆ ಈ ವ್ಯವಸ್ಥೆ ಇಲ್ಲದಿದ್ದರೆ ಪಶ್ಚಿಮ ಹ್ಯಾರಿಸ್‌ನ ಅರ್ಧಕ್ಕರ್ಧ ಬಡಾವಣೆಗಳು ಹುಟ್ಟುತ್ತಲೇ ಇರಲಿಲ್ಲ ಅನ್ನುವುದೂ ನಿಜ. ಮನೆಗಳು ತುಂಬುತ್ತಾ ಹೋದ ಹಾಗೆ ಸಾಲ ಹೆಚ್ಚು ಜನಕ್ಕೆ ಹಂಚಿಹೋಗಿ ದರ ಸಾಮಾನ್ಯವಾಗಿ ಇಳಿಯುತ್ತದೆ. ಹೀಗಾಗಿ ಹಳೇ ಬಡಾವಣೆಯ ಮಡ್ ದರ ಕಡಿಮೆ, ಹೊಸದರದು ಹೆಚ್ಚು.

ಈಗ ನಮ್ಮ ಬಿಲ್ಲಿನ ಸಾಲುಗಳನ್ನು ನೋಡಿ: ಹ್ಯಾರಿಸ್ ಕೌಂಟಿ, ಫ್ಲಡ್ ಕಂಟ್ರೋಲ್ ಡಿಸ್ಟ್ರಿಕ್ಟ್, ಪೋರ್ಟ್ ಆಫ್ ಹ್ಯೂಸ್ಟನ್, ಆಸ್ಪತ್ರೆ ಡಿಸ್ಟ್ರಿಕ್ಟ್, ಕೌಂಟಿಯ ಶಿಕ್ಷಣ ಇಲಾಖೆ, ಲೋನ್ ಸ್ಟಾರ್ ಕಾಲೇಜು, ಶಾಲಾ ಡಿಸ್ಟ್ರಿಕ್ಟ್, ಅಗ್ನಿಶಾಮಕಕ್ಕೆ ಎಮರ್ಜೆನ್ಸಿ ಸರ್ವಿಸಸ್ ಡಿಸ್ಟ್ರಿಕ್ಟ್, ಆಮೇಲೆ ಮಡ್. ನೀವು ಹೆದರಿರುವ ಆ ಕೌಂಟಿ ತೆರಿಗೆ 100 ಡಾಲರಿಗೆ 40 ಸೆಂಟ್ ಕೂಡ ಮುಟ್ಟುವುದಿಲ್ಲ. ಶಾಲೆಯದು ಒಂದು ಡಾಲರಿಗೂ ಮೇಲೆ. ಹೊಸ ಮಡ್ ಕೂಡ ಒಂದು ಡಾಲರ್ ದಾಟಬಹುದು. ಹ್ಯಾರಿಸ್ ಬಿಟ್ಟು ಫೋರ್ಟ್ ಬೆಂಡ್‌ಗೆ ಹೋದರೆ ಮಡ್ ಬಿಟ್ಟುಹೋಗುವುದಿಲ್ಲ, ಅಲ್ಲೂ ಬಡಾವಣೆಗೊಂದು ಇದೆ. 2010ರಲ್ಲಿ 5 ಲಕ್ಷ 85 ಸಾವಿರವಿದ್ದ ಫೋರ್ಟ್ ಬೆಂಡ್ ಜನಸಂಖ್ಯೆ 2020ಕ್ಕೆ 8 ಲಕ್ಷ 22 ಸಾವಿರವಾಗಿದೆ. ಅಷ್ಟು ಜನಕ್ಕೆ ನೀರು ಚರಂಡಿ ಕೊಟ್ಟದ್ದೂ ಬಹುಮಟ್ಟಿಗೆ ಇಂಥ ಡಿಸ್ಟ್ರಿಕ್ಟ್‌ಗಳೇ. ಇನ್ನು ಹ್ಯೂಸ್ಟನ್‌ನ ಪಶ್ಚಿಮಕ್ಕಿರುವ ಕೇಟಿ ವಿಷಯ. ಕೇಟಿ ನಗರ ಅನ್ನುವುದು 2020ರಲ್ಲಿ 22 ಸಾವಿರ ಜನವೂ ಇರದ ಊರು, ಅದೂ ಹ್ಯಾರಿಸ್, ಫೋರ್ಟ್ ಬೆಂಡ್, ವಾಲರ್ ಎಂಬ ಮೂರು ಕೌಂಟಿಗಳಲ್ಲಿ ಹರಡಿಕೊಂಡಿದೆ. ‘ಕೇಟಿಯಲ್ಲಿದ್ದೇವೆ’ ಅನ್ನುವ ನಮ್ಮವರಲ್ಲಿ ಬಹಳ ಜನ ಆ ನಗರದೊಳಗೆ ಇಲ್ಲವೇ ಇಲ್ಲ. ಶಾಲೆಯ ಗಡಿಯೂ ಕೌಂಟಿಯ ಗಡಿಯೂ ಒಂದೇ ಅಲ್ಲ.

ಕೌಂಟಿ ಸರ್ಕಾರದ ಮೇಲೆ ಹೆಚ್ಚು ನಿರೀಕ್ಷೆ ಇಟ್ಟುಕೊಂಡು ಬರಬೇಡಿ. ಟೆಕ್ಸಸ್‌ನಲ್ಲಿ 254 ಕೌಂಟಿಗಳು. ಎಲ್ಲಕ್ಕೂ ಒಂದೇ ಅಚ್ಚಿನ ಆಡಳಿತ. ಒಬ್ಬ ಕೌಂಟಿ ಜಡ್ಜ್, ನಾಲ್ವರು ಕಮಿಷನರ್‌ಗಳು, ಎಲ್ಲರೂ ಚುನಾಯಿತರು, ಐವರೂ ಕೂತರೆ ಅದು ಕಮಿಷನರ್ಸ್ ಕೋರ್ಟ್, ಅಂದರೆ ಕೌಂಟಿಯ ಆಡಳಿತ ಮಂಡಳಿ. 2020ರಲ್ಲಿ 64 ಜನರಿದ್ದ ಲವಿಂಗ್ ಕೌಂಟಿಗೂ ಐವರೇ, 47 ಲಕ್ಷದ ಹ್ಯಾರಿಸ್‌ಗೂ ಐವರೇ. ಇಲ್ಲಿ ಒಬ್ಬೊಬ್ಬ ಕಮಿಷನರ್ ಪಾಲಿಗೆ ಸುಮಾರು 12 ಲಕ್ಷ ಜನ. ರಸ್ತೆ, ಷೆರಿಫ್ (ಕೌಂಟಿ ಪೊಲೀಸ್), ಜೈಲು, ಕೋರ್ಟ್, ಸರ್ಕಾರಿ ಆಸ್ಪತ್ರೆ, ಟೋಲ್ ರಸ್ತೆ ಕೌಂಟಿಯ ಕೈಯಲ್ಲಿದೆ. ಆದರೆ ನಗರಗಳಿಗಿರುವ ಹಾಗೆ ಬೇಕಾದ ಕಾನೂನು ಮಾಡುವ ಅಧಿಕಾರ ಕೌಂಟಿಗಿಲ್ಲ. ಮನೆ ಎಲ್ಲಿ, ಕಾರ್ಖಾನೆ ಎಲ್ಲಿ ಅಂತ ಝೋನಿಂಗ್ ಮಾಡಲು ಅದಕ್ಕೆ ಬರುವುದಿಲ್ಲ. ಬಡಾವಣೆಯ ಅಂಚಿನಲ್ಲಿ ಖಾಲಿ ಜಾಗ ಕಂಡರೆ ಅಲ್ಲಿ ಮುಂದೆ ಏನು ಬೇಕಾದರೂ ಬರಬಹುದು ಅಂದುಕೊಂಡೇ ಮನೆ ನೋಡಿ.

ನೀರಿನ ವಿಷಯಕ್ಕೂ ಕೌಂಟಿಯ ಗೆರೆ ಪ್ರಯೋಜನಕ್ಕೆ ಬರುವುದಿಲ್ಲ. ಇದು ತಟ್ಟೆಯಂಥ ಕರಾವಳಿ ಬಯಲು. ಹ್ಯಾರಿಸ್‌ನಲ್ಲಿ ಇಪ್ಪತ್ತಕ್ಕೂ ಹೆಚ್ಚು ಜಲಾನಯನಗಳಿದ್ದು, ನೀರು ಬಯೂ ಎಂಬ ಹಳ್ಳಗಳಲ್ಲಿ ನಿಧಾನವಾಗಿ ಗ್ಯಾಲ್ವೆಸ್ಟನ್ ಕೊಲ್ಲಿಗೆ ಇಳಿಯುತ್ತದೆ. 1929 ಮತ್ತು 1935ರ ಪ್ರವಾಹಗಳಾದ ಮೇಲೆ 1937ರಲ್ಲಿ ಫ್ಲಡ್ ಕಂಟ್ರೋಲ್ ಡಿಸ್ಟ್ರಿಕ್ಟ್ ಹುಟ್ಟಿತು, 1940ರ ದಶಕದಲ್ಲಿ ಪಶ್ಚಿಮದ ಬಯಲಿನಲ್ಲಿ ಆಡಿಕ್ಸ್, ಬಾರ್ಕರ್ ಎಂಬ ಎರಡು ಅಣೆಕಟ್ಟುಗಳನ್ನು ಕಟ್ಟಿದರು. ಅಣೆಕಟ್ಟಿನ ಹಿಂದೆ ನೀರು ತುಂಬಿದರೆ ಎಲ್ಲಿಯವರೆಗೆ ಏರಬಹುದೋ ಅಷ್ಟೂ ಜಮೀನನ್ನು ಸರ್ಕಾರ ಕೊಂಡಿರಲಿಲ್ಲ, ಉಳಿದದ್ದರಲ್ಲಿ ಮನೆಗಳೆದ್ದವು. 2017ರ ಆಗಸ್ಟ್‌ನಲ್ಲಿ ಹಾರ್ವಿ ಚಂಡಮಾರುತದ ಮಳೆಗೆ ಆ ಮನೆಗಳೊಳಗೆ ನೀರು ಬಂದು ನಿಂತಿತು, ಹ್ಯಾರಿಸ್‌ನಲ್ಲೂ ಫೋರ್ಟ್ ಬೆಂಡ್‌ನಲ್ಲೂ. 2019ರ ಡಿಸೆಂಬರ್‌ನಲ್ಲಿ ಫೆಡರಲ್ ಕೋರ್ಟ್ ಇದಕ್ಕೆ ಸರ್ಕಾರವೇ ಹೊಣೆ ಅಂತ ತೀರ್ಪು ಕೊಟ್ಟಿತು. 100 ವರ್ಷದ ಪ್ರವಾಹದ (ಯಾವುದೇ ವರ್ಷ ನೂರರಲ್ಲಿ ಒಂದು ಪಾಲು ಸಾಧ್ಯತೆ ಇರುವ ಪ್ರವಾಹದ) ನಕಾಶೆಯಲ್ಲಿ ಬಣ್ಣ ಇಲ್ಲ ಅಂದಮಾತ್ರಕ್ಕೆ ಒಪ್ಪಬೇಡಿ. ಈ ಜಲಾಶಯಗಳ ಫ್ಲಡ್ ಪೂಲ್ (ಅಣೆಕಟ್ಟಿನ ಹಿಂದೆ ನೀರು ನಿಲ್ಲಬಹುದಾದ ಜಾಗ) ನಕಾಶೆ ಬೇರೆಯೇ ಇದೆ, ಅದನ್ನು ಕೇಳಿ ತೆಗೆಸಿ. ಹಾರ್ವಿಯಲ್ಲಿ ಆ ಬೀದಿಗೆ ನೀರು ಬಂದಿತ್ತೇ ಅಂತ ಅಕ್ಕಪಕ್ಕದ ಹಳಬರನ್ನು ವಿಚಾರಿಸಿ.

ಎರಡು ಕೌಂಟಿಗಳಲ್ಲಿ ಯಾವುದು ಅಂತ ಒತ್ತಾಯಿಸಿ ಕೇಳಿದರೆ, ಹತ್ತು ಹದಿನೈದು ವರ್ಷ ಹಳೆಯದಾದ, ಮಡ್ ದರ ಇಳಿದ ಬಡಾವಣೆಯಲ್ಲಿ ಹುಡುಕಿ, ಇಲ್ಲವೇ ಶುಗರ್ ಲ್ಯಾಂಡ್‌ನಂಥ ನಿಜವಾದ ನಗರದ ಗಡಿಯೊಳಗೆ ಕೊಳ್ಳಿ ಅನ್ನುತ್ತೇನೆ. ಮನೆ ಹಳೆಯದು ಅಂತ ಮನೆಯವರು ಮೂಗು ಮುರಿಯಬಹುದು, ಪರವಾಗಿಲ್ಲ. ಹೊಸದೇ ಬೇಕು ಅಂದರೆ ಆಫರ್ ಹಾಕುವ ಮುಂಚೆ ಮಡ್ ನೋಟಿಸು ಕೈಗೆ ತೆಗೆದುಕೊಳ್ಳಿ, ಎಲ್ಲ ಸಾಲುಗಳ ದರ ಕೂಡಿಸಿ, ಕೊಳ್ಳುವ ಪೂರ್ತಿ ಬೆಲೆಯ ಮೇಲೆ ಗುಣಿಸಿ. ಸಾಲ ಕೊಡುವವರಿಗೆ ಮೊದಲ ತಿಂಗಳಿಂದಲೇ ಆ ಲೆಕ್ಕದಲ್ಲೇ ಎಸ್ಕ್ರೋ ಹಿಡಿಯಲು ಬರಹದಲ್ಲಿ ಕೇಳಿ.

ಮನೆ ಹೊಕ್ಕ ಮೇಲೆ ಡ್ರೈವಿಂಗ್ ಲೈಸೆನ್ಸಿನ ವಿಳಾಸ ಬದಲಿಸಿ, ಆ ಕೌಂಟಿಯಲ್ಲಿ ಆಸ್ತಿಗೆ ಬೆಲೆ ಕಟ್ಟುವ ಅಪ್ರೈಸಲ್ ಡಿಸ್ಟ್ರಿಕ್ಟ್‌ಗೆ ಹೋಮ್‌ಸ್ಟೆಡ್ (ಸ್ವಂತ ವಾಸದ ಮನೆಯ ತೆರಿಗೆ ವಿನಾಯಿತಿ) ಅರ್ಜಿ ಹಾಕಿ. 2025ರ ನವೆಂಬರ್ ಮತದಾನದ ನಂತರ ಶಾಲಾ ತೆರಿಗೆಯಲ್ಲಿ 1 ಲಕ್ಷ 40 ಸಾವಿರ ಡಾಲರಿನಷ್ಟು ಬೆಲೆಗೆ ವಿನಾಯಿತಿ ಸಿಗುತ್ತದೆ. ಅರ್ಜಿಗೆ ಶುಲ್ಕವಿಲ್ಲ. ದುಡ್ಡು ಕೊಟ್ಟರೆ ನಾವೇ ಹಾಕಿಕೊಡುತ್ತೇವೆ ಅಂತ ಮನೆಗೆ ಕಾಗದಗಳು ಬರುತ್ತವೆ, ಅವನ್ನು ಹರಿದು ಹಾಕಿ.