ಅಪೂರ್ಣ ಆಟವೂ ಆಟಗಾರರ ಸಲಹೆಯೂ

ಪ್ರಶ್ನೆ: ಪೂರ್ಣಗೊಳ್ಳುವ ಮೊದಲೇ ಮಾರಾಟಕ್ಕಿಟ್ಟಿದ್ದ ಆನ್‌ಲೈನ್ ಗೇಮೊಂದನ್ನು ಕೊಂಡು, ಅದರ ಕಾದಾಟ ತೀರಾ ಕಷ್ಟವಾಗಿದೆಯೆಂದು ತಯಾರಕರಿಗೆ ಬರೆದೆ. ಎರಡು ಅಪ್‌ಡೇಟ್ ಬಂದರೂ ಏನೂ ಬದಲಾಗಿಲ್ಲ. ಅವರು ಇಂಥ ಸಲಹೆಗಳನ್ನು ನಿಜಕ್ಕೂ ಓದುತ್ತಾರೆಯೇ?
– ಓರ್ವ ವಿದ್ಯಾರ್ಥಿ, ತುಮಕೂರು

ಉತ್ತರ: ಜವಾಬ್ದಾರಿಯುಳ್ಳ ತಂಡಗಳು ಓದುತ್ತವೆ, ಆದರೆ ಓದಿದ್ದನ್ನೆಲ್ಲ ಹಾಗೆಯೇ ಜಾರಿಗೆ ತರುವುದಿಲ್ಲ. ಕಂಪ್ಯೂಟರ್ ಗೇಮ್‌ಗಳ ಆನ್‌ಲೈನ್ ಮಳಿಗೆಯಾದ ಸ್ಟೀಮ್ 2013ರಲ್ಲಿ ಆರಂಭಿಸಿದ, ಅಪೂರ್ಣ ಆಟಗಳನ್ನು ಮಾರುವ ‘ಅರ್ಲಿ ಆಕ್ಸೆಸ್’ ವ್ಯವಸ್ಥೆಯಲ್ಲಿ, ಆಟಗಾರರನ್ನು ತಯಾರಿಕೆಯಲ್ಲಿ ಹೇಗೆ ತೊಡಗಿಸಿಕೊಳ್ಳುತ್ತೀರಿ ಎಂಬ ಪ್ರಶ್ನೆಗೆ ತಯಾರಕರು ಮಾರಾಟದ ಪುಟದಲ್ಲಿಯೇ ಉತ್ತರಿಸಬೇಕಾಗುತ್ತದೆ. ಆಟವೇ ನಿಂತುಹೋಗುವಂಥ ದೋಷಗಳನ್ನು ಸಾಮಾನ್ಯವಾಗಿ ಬೇಗ ಸರಿಪಡಿಸುತ್ತಾರೆ. ಕಷ್ಟದ ಮಟ್ಟದ ವಿಚಾರ ಹಾಗಲ್ಲ: ನಿಮಗೆ ಕಠಿಣವೆನಿಸಿದ್ದು ಇನ್ನೊಬ್ಬರಿಗೆ ಸಪ್ಪೆಯೆನಿಸಬಹುದಾದ್ದರಿಂದ, ಆಟಗಾರರು ಎಲ್ಲಿ ಪದೇ ಪದೇ ಸೋಲುತ್ತಾರೆ, ಎಲ್ಲಿ ಆಟವನ್ನೇ ಬಿಟ್ಟುಬಿಡುತ್ತಾರೆ ಎಂಬ ದತ್ತಾಂಶದೊಂದಿಗೆ ದೂರುಗಳನ್ನು ಹೋಲಿಸಿ ನೋಡುತ್ತಾರೆ. ಅನೇಕ ವೇಳೆ ದೂರು ನಿಜವಾಗಿದ್ದರೂ ಸೂಚಿಸಿದ ಪರಿಹಾರ ಸರಿಯಾಗಿರುವುದಿಲ್ಲ. ಶತ್ರುವಿನ ಬಲ ತಗ್ಗಿಸಿ ಎಂದು ಹಲವರು ಕೇಳುತ್ತಿರುವಾಗ, ಆತ ಯಾವಾಗ ಹೊಡೆಯುತ್ತಾನೆಂಬ ಸೂಚನೆ ಸ್ಪಷ್ಟವಾಗಿಲ್ಲದಿರುವುದೇ ಮೂಲ ಕಾರಣವಾಗಿರಬಹುದು. ಅದನ್ನು ಪತ್ತೆಹಚ್ಚುವುದೇ, ನನ್ನ ದೃಷ್ಟಿಯಲ್ಲಿ, ಈ ಕೆಲಸದ ಅತ್ಯಂತ ಗೌರವಾರ್ಹ ಭಾಗ.

ಇದಕ್ಕೆ ಕಾಲ ಹಿಡಿಯುತ್ತದೆ. ‘ಬಾಲ್ಡರ್ಸ್ ಗೇಟ್ 3’ ಎಂಬ ಗೇಮ್ 2020ರ ಅಕ್ಟೋಬರ್‌ನಿಂದ 2023ರ ಆಗಸ್ಟ್‌ವರೆಗೆ ಅರ್ಲಿ ಆಕ್ಸೆಸ್ ಹಂತದಲ್ಲಿಯೇ ಇತ್ತು. ಆದರೂ, ಯಾವ ಸಲಹೆಯನ್ನು ಏಕೆ ಬಿಟ್ಟೆವು ಎಂದು ತಿಳಿಸದ ತಂಡದ ಮೌನವನ್ನು ನಾನು ಸಮರ್ಥಿಸಲಾರೆ. ಹಣ ಕೊಟ್ಟವರಿಗೆ ಅಷ್ಟು ಉತ್ತರ ಸಲ್ಲಬೇಕು.

ಮತ್ತೆ ಬರೆಯುವಾಗ ಆಟದ ಆವೃತ್ತಿ, ಕಂಪ್ಯೂಟರಿನ ವಿವರ ಹಾಗೂ ಸೋತ ಸನ್ನಿವೇಶದ ಚಿಕ್ಕ ವಿಡಿಯೊ ಸೇರಿಸಿ. ತುಮಕೂರಿನಿಂದ ದೂರದ ಸರ್ವರ್‌ಗೆ ಸಂಪರ್ಕ ತಲುಪುವಲ್ಲಿನ ವಿಳಂಬವೂ ಕಾದಾಟವನ್ನು ಕಷ್ಟವಾಗಿಸಬಹುದಾದ್ದರಿಂದ, ಆ ವಿಳಂಬವನ್ನು ತೋರಿಸುವ ಪಿಂಗ್ ಅಂಕಿಯನ್ನೂ ತಪ್ಪದೆ ನಮೂದಿಸಿ.