ಹಾಲು ಸಾಲುತ್ತಿಲ್ಲವೇ? ಮೊದಲು ಉಚ್ಚೆ ಎಣಿಸಿ

ಮಳೆಗಾಲದ ಬಾಣಂತನದ ಬಗ್ಗೆ ಕೊಡಗಿನ ಓದುಗರು ಕೇಳಿದ ಪ್ರಶ್ನೆಗಳಿಗೆ ನಮ್ಮ ಆರೋಗ್ಯ ಬಳಗದ ಉತ್ತರ.

ಹೆರಿಗೆಯಾಗಿ ಒಂಬತ್ತು ದಿನ. ಮಗು ಗಂಟೆ ಗಂಟೆಗೂ ಅಳುತ್ತದೆ. ಎದೆ ಹಿಂಡಿದರೆ ನಾಲ್ಕು ಹನಿ ಬರುವುದೂ ಕಷ್ಟ. ‘ನಿನ್ನ ಹಾಲು ಸಾಲದು, ಡಬ್ಬಿ ಹಾಲು ಹಾಕು’ ಎಂದು ಅತ್ತೆ ದಿನವೂ ಹೇಳುತ್ತಿದ್ದಾರೆ. ಏನು ಮಾಡಲಿ?
*– ಓದುಗಿ, ಸೋಮವಾರಪೇಟೆ*

ಡಬ್ಬಿ ತರುವ ಮೊದಲು ಒಂದು ಹಗಲು ಒಂದು ರಾತ್ರಿ ಮಗುವಿನ ಉಚ್ಚೆ ಎಣಿಸಿ. ಐದನೇ ದಿನ ಕಳೆದ ಮಗು 24 ಗಂಟೆಯಲ್ಲಿ ಆರು ಸಲವಾದರೂ ಬಟ್ಟೆ ಚೆನ್ನಾಗಿ ಒದ್ದೆ ಮಾಡಬೇಕು, ಉಚ್ಚೆ ತಿಳಿಯಾಗಿರಬೇಕು. ಮೊದಲ ದಿನಗಳ ಕಪ್ಪು ಮಲ ಅಷ್ಟರಲ್ಲಿ ಹಳದಿಗೆ ತಿರುಗಿರಬೇಕು. ಇನ್ನೊಂದು ಲೆಕ್ಕ ತೂಕದ್ದು. ಹುಟ್ಟಿದ ಮೇಲೆ ಮಗುವಿನ ತೂಕ ಸ್ವಲ್ಪ ಇಳಿಯುವುದು ಸಹಜ; ನೂರಕ್ಕೆ ಹತ್ತಕ್ಕಿಂತ ಹೆಚ್ಚು ಇಳಿಯಬಾರದು, 10ರಿಂದ 14 ದಿನದೊಳಗೆ ಹುಟ್ಟುತೂಕಕ್ಕೆ ಮರಳಬೇಕು. ಆಮೇಲಿನ ಮೂರು ತಿಂಗಳು ದಿನಕ್ಕೆ 20ರಿಂದ 30 ಗ್ರಾಂ ಏರಿದರೆ ಚಿಂತೆಯಿಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬರಬೇಕು, ಬಂದಾಗ ಮಗುವನ್ನು ತೂಗಬೇಕು. 14ನೇ ದಿನದ ಭೇಟಿಯಲ್ಲಿ ತೂಕ ಹಾಕಿಸಿ, ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಅತ್ತೆಗೆ ತೋರಿಸಲು ಅಷ್ಟು ಸಾಕು.

ಹಿಂಡಿದಾಗ ಬಂದ ಹನಿಯಿಂದ ಏನೂ ಗೊತ್ತಾಗುವುದಿಲ್ಲ. ಬೆರಳಿಗೆ ಬಾರದ ಹಾಲು ಮಗು ಚೀಪಿದಾಗ ಇಳಿಯುತ್ತದೆ. ಗಂಟೆಗೊಮ್ಮೆ ಕೇಳುವುದೂ ರೋಗವಲ್ಲ: ದಿನಕ್ಕೆ 8ರಿಂದ 12 ಸಲ ಕುಡಿಯುವುದು ಈ ವಯಸ್ಸಿನ ವಾಡಿಕೆ, ಸಂಜೆಹೊತ್ತು ಇನ್ನೂ ಹೆಚ್ಚು. ಎದೆ ಎಷ್ಟು ಖಾಲಿಯಾಗುತ್ತದೋ ಅಷ್ಟು ಹಾಲು ತಯಾರಾಗುತ್ತದೆ. ಡಬ್ಬಿ ಹಾಲಿಗೆ ಹೊಟ್ಟೆ ತುಂಬಿದ ಮಗು ಮೂರು ಗಂಟೆ ಮಲಗುತ್ತದೆ, ಅಷ್ಟು ಹೊತ್ತು ಎದೆ ತುಂಬಿಕೊಂಡೇ ಇರುತ್ತದೆ, ಮುಂದಿನ ಹಾಲು ಕಡಿಮೆಯಾಗುತ್ತದೆ. ‘ಸಾಲದು’ ಎನ್ನುವ ಮಾತು ವಾರದಲ್ಲಿ ನಿಜವಾಗುವುದು ಹೀಗೆ.

ಉಚ್ಚೆ ಕಡಿಮೆಯಿದ್ದರೆ ಮಗು ಕಚ್ಚಿಕೊಂಡಿರುವ ರೀತಿ ನೋಡಿ. ಬೆನ್ನಿಗೆ ದಿಂಬು ಕೊಟ್ಟು ಕುಳಿತುಕೊಳ್ಳಿ. ಮಗುವಿನ ಹೊಟ್ಟೆ ನಿಮ್ಮ ಹೊಟ್ಟೆಗೆ ತಾಗಿರಲಿ, ಕಿವಿ, ಭುಜ, ಸೊಂಟ ಒಂದೇ ಗೆರೆಯಲ್ಲಿರಲಿ. ತೊಟ್ಟನ್ನು ಮಗುವಿನ ಮೂಗಿನ ನೇರಕ್ಕೆ ಹಿಡಿದು ಮೇಲ್ದುಟಿಗೆ ಸವರಿ. ಬಾಯಿ ಆಕಳಿಸುವಷ್ಟು ಅಗಲವಾಗಿ ತೆರೆಯುವವರೆಗೆ ಕಾಯಬೇಕು. ಹೆಚ್ಚಿನವರು ತಪ್ಪುವುದು ಇಲ್ಲೇ, ಅರ್ಧ ತೆರೆದ ಬಾಯಿಗೆ ತುರುಕುತ್ತಾರೆ. ತೆರೆದ ಕೂಡಲೇ ಮಗುವನ್ನು ಎದೆಗೆ ತನ್ನಿ, ಎದೆಯನ್ನು ಮಗುವಿನತ್ತ ಬಾಗಿಸಬೇಡಿ. ಗದ್ದ ಎದೆಗೆ ಒತ್ತಿರಬೇಕು, ಕೆಳದುಟಿ ಹೊರಕ್ಕೆ ಮಡಚಿರಬೇಕು, ತೊಟ್ಟಿನ ಸುತ್ತಲಿನ ಕಪ್ಪು ಭಾಗ ಕೆಳಗಿಗಿಂತ ಮೇಲೆ ಹೆಚ್ಚು ಕಾಣಬೇಕು. ಹಾಲು ಇಳಿದ ಮೇಲೆ ನಿಧಾನಕ್ಕೆ ಚೀಪಿ ನುಂಗುವ ಸದ್ದು ಕೇಳುತ್ತದೆ. ‘ಟಕ್ ಟಕ್’ ಎಂದರೆ ಹಿಡಿತ ಸಡಿಲವಾಗಿದೆ, ಬಿಡಿಸಿ ಮತ್ತೆ ಹಿಡಿಸಿ.

ಮಗು ಎಬ್ಬಿಸಿದರೂ ಚೀಪದಿದ್ದರೆ, ಆರು ಗಂಟೆ ಉಚ್ಚೆಯೇ ಇಲ್ಲದಿದ್ದರೆ, ಮೈಯ ಹಳದಿ ಬಣ್ಣ ಅಂಗಾಲಿನವರೆಗೆ ಇಳಿದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ವೈದ್ಯರೇ ಮೇಲುಹಾಲು ಹೇಳಿದರೆ ಬಾಟಲಿ ಬೇಡ, ಒಳಲೆಯಲ್ಲೋ ಸಣ್ಣ ಲೋಟದಲ್ಲೋ ಕೊಡಿ, ಜೊತೆಗೆ ಹಾಲು ಹಿಂಡುವುದನ್ನು ನಿಲ್ಲಿಸಬೇಡಿ.

ಸಿಸೇರಿಯನ್ ಆಗಿದೆ. ಕೂತರೆ ಹೊಲಿಗೆ ಎಳೆಯುತ್ತದೆ. ಎರಡೂ ತೊಟ್ಟು ಬಿರಿದು ರಕ್ತ ಬರುತ್ತಿದೆ.
*– ಓದುಗಿ, ವಿರಾಜಪೇಟೆ*

ಕೂರಬೇಡಿ. ಪಕ್ಕಕ್ಕೆ ಮಲಗಿ, ಮೊಣಕಾಲುಗಳ ನಡುವೆ ಒಂದು ದಿಂಬು, ಬೆನ್ನಿಗೆ ಒಂದು. ಮಗುವನ್ನು ಎದುರುಬದುರಾಗಿ ಮಲಗಿಸಿ ಕುಡಿಸಿ. ಇಲ್ಲವೇ ಕಂಕುಳ ಕೆಳಗೆ ದಿಂಬಿಟ್ಟು, ಮಗುವಿನ ಕಾಲು ನಿಮ್ಮ ಬೆನ್ನಿನ ಕಡೆ ಹೋಗುವಂತೆ ಹಿಡಿಯಿರಿ, ಹೊಲಿಗೆಗೆ ಭಾರ ಬೀಳುವುದಿಲ್ಲ.

ಕುಡಿಸಿ ಬಿಡಿಸಿದ ಕೂಡಲೇ ತೊಟ್ಟು ಹೇಗಿದೆ ನೋಡಿ. ದುಂಡಗಿದ್ದರೆ ಸರಿ. ಹೊಸ ಲಿಪ್‌ಸ್ಟಿಕ್‌ನ ತುದಿಯಂತೆ ಓರೆಯಾಗಿ ಚಪ್ಪಟೆಯಾಗಿದ್ದರೆ ಮಗು ತೊಟ್ಟನ್ನಷ್ಟೇ ಕಚ್ಚುತ್ತಿದೆ, ಬಿರುಕಿಗೆ ಅದೇ ಕಾರಣ. ಹಿಡಿತ ಸರಿಯಾಗದೆ ಯಾವ ಮುಲಾಮೂ ಕೆಲಸ ಮಾಡದು. ಎಳೆದು ಬಿಡಿಸಬೇಡಿ, ಬಾಯಿಯ ಮೂಲೆಯಲ್ಲಿ ಕಿರುಬೆರಳು ತೂರಿಸಿದರೆ ಹಿಡಿತ ತಾನೇ ಬಿಡುತ್ತದೆ. ಕೊನೆಯ ಹನಿ ಹಾಲನ್ನೇ ಬಿರುಕಿಗೆ ಸವರಿ ಆರಲು ಬಿಡಿ. ತೊಟ್ಟಿಗೆ ಸೋಪು, ಡೆಟಾಲ್ ತಾಗಿಸಬೇಡಿ. ಕಡಿಮೆ ನೋವಿರುವ ಕಡೆಯಿಂದ ಶುರು ಮಾಡಿ. ಮಗು ಚೂರು ರಕ್ತ ನುಂಗಿದರೆ ತೊಂದರೆಯಿಲ್ಲ. ಹಿಡಿತ ಸರಿಪಡಿಸಿದರೂ ನೋವು ಹೋಗದಿದ್ದರೆ ಮಗುವಿನ ನಾಲಿಗೆ ಕೆಳಗೆ ಅಂಟಿಕೊಂಡಿದೆಯೇ, ಕೆನ್ನೆಯ ಒಳಗೆ ಒರೆಸಿದರೂ ಹೋಗದ ಬಿಳಿ ಕಲೆ ಇದೆಯೇ ಎಂದು ವೈದ್ಯರಿಂದ ನೋಡಿಸಿ. ಬಿಳಿ ಕಲೆ ಫಂಗಸ್ ಆಗಿದ್ದರೆ ತಾಯಿ ಮಗು ಇಬ್ಬರಿಗೂ ಒಟ್ಟಿಗೇ ಔಷಧ ಬೇಕು. ಜೂನ್, ಜುಲೈನಲ್ಲಿ ಒಳಬಟ್ಟೆ ಒಣಗುವುದೇ ಇಲ್ಲ. ಅರೆ ಒಣಗಿದ್ದನ್ನು ಹಾಕಬೇಡಿ, ಇಸ್ತ್ರಿ ಮಾಡಿ.

ಮೂರನೇ ದಿನದಿಂದ ಎದೆ ಕಲ್ಲಾಗಿದೆ, ಮಗುವಿಗೆ ಕಚ್ಚಲಾಗುತ್ತಿಲ್ಲ. ಬಿಸಿನೀರಿನ ಶಾಖ ಕೊಟ್ಟು ಜೋರಾಗಿ ತಿಕ್ಕಿದರೂ ಇಳಿದಿಲ್ಲ.
*– ಓದುಗಿ, ಗೋಣಿಕೊಪ್ಪ*

ತಿಕ್ಕುವುದನ್ನು ನಿಲ್ಲಿಸಿ. ಕಟ್ಟಿರುವುದು ಹಾಲಷ್ಟೇ ಅಲ್ಲ, ಊತವೂ ಇದೆ. ಜೋರಾಗಿ ಒತ್ತಿದರೆ ಊತ ಹೆಚ್ಚುತ್ತದೆ. ಕುಡಿಸುವ ಮುಂಚೆ ತೊಟ್ಟಿನ ಬುಡದ ಸುತ್ತ ಬೆರಳ ತುದಿಗಳನ್ನಿಟ್ಟು ಎದೆಗೂಡಿನ ಕಡೆಗೆ ಒಂದು ನಿಮಿಷ ಮೆಲ್ಲಗೆ ಒತ್ತಿ ಹಿಡಿಯಿರಿ. ಊತ ಹಿಂದೆ ಸರಿದು ಆ ಭಾಗ ಮೆತ್ತಗಾಗುತ್ತದೆ. ನಾಲ್ಕಾರು ಹನಿ ಹಿಂಡಿ ಮಗುವಿಗೆ ಕೊಡಿ. ಶಾಖ ಬೇಕೆನಿಸಿದರೆ ಕುಡಿಸುವ ಮೊದಲು ಎರಡು ಮೂರು ನಿಮಿಷ ಸಾಕು. ಕುಡಿಸಿದ ಮೇಲೆ ತಣ್ಣೀರ ಬಟ್ಟೆ, 10ರಿಂದ 15 ನಿಮಿಷ. ಬಾಣಂತಿಗೆ ತಣ್ಣಗಿನದು ತಾಗಬಾರದೆಂದು ಮನೆಯಲ್ಲಿ ಆಕ್ಷೇಪ ಬರಬಹುದು. ಮೈಗಲ್ಲ, ಎದೆಗಷ್ಟೇ ಎಂದು ಹೇಳಿ. ಪಂಪ್ ಹಿಡಿದು ಪೂರ್ತಿ ಖಾಲಿ ಮಾಡಲು ಹೋಗಬೇಡಿ, ಎದೆ ಅದನ್ನು ಬೇಡಿಕೆ ಎಂದುಕೊಂಡು ಇನ್ನಷ್ಟು ತುಂಬುತ್ತದೆ.

ಒಂದು ಕಡೆ ಕೆಂಪಾಗಿ, ಚಳಿ ಜ್ವರ ಬಂದು ಒಂದು ದಿನದಲ್ಲಿ ಇಳಿಯದಿದ್ದರೆ ವೈದ್ಯರ ಬಳಿ ಹೋಗಿ, ಆಂಟಿಬಯಾಟಿಕ್ ಬೇಕಾಗಬಹುದು. ಆಗಲೂ ಆ ಕಡೆಯಿಂದ ಕುಡಿಸಬಹುದು. ಮಳೆಯಲ್ಲಿ ರಸ್ತೆ ಬಂದ್ ಆಗುವ ಊರಾದರೆ ಕಾಯುವ ಅವಧಿಯನ್ನು ಇನ್ನೂ ಕಡಿಮೆ ಮಾಡಿ.

ಮನೆಗೆಲ್ಲ ರೊಬಸ್ಟಾ ಕಾಫಿ. ಬಾಣಂತಿ ಮಗಳು ಬೆಲ್ಲದ ಕಾಫಿ ಬಿಡುವುದಿಲ್ಲ. ಮೈ ಬೆಚ್ಚಗಾಗಲೆಂದು ರಾತ್ರಿ ಎರಡು ಚಮಚ ಬ್ರಾಂಡಿ ಕೊಡುವ ಪದ್ಧತಿಯೂ ನಮ್ಮಲ್ಲಿದೆ. ಮೊಮ್ಮಗನಿಗೆ ಕಾಡುಜೇನು ನೆಕ್ಕಿಸಬಹುದೇ?
*– ಓದುಗಿ, ನಾಪೋಕ್ಲು*

ಕಾಫಿ ಇರಲಿ, ಅಳತೆಯಲ್ಲಿರಲಿ. ಹಾಲೂಡಿಸುವ ತಾಯಿಗೆ ದಿನಕ್ಕೆ ಸುಮಾರು 300 ಮಿಲಿಗ್ರಾಂ ಕೆಫೀನ್ ಮಿತಿ. ರೊಬಸ್ಟಾದಲ್ಲಿ ಅರೇಬಿಕಾದ ಹೆಚ್ಚುಕಡಿಮೆ ಎರಡರಷ್ಟು ಕೆಫೀನ್ ಇರುವುದರಿಂದ ಗಟ್ಟಿ ಡಿಕಾಕ್ಷನ್ ಆದರೆ ಎರಡು ಸಣ್ಣ ಲೋಟಕ್ಕೆ ನಿಲ್ಲಿಸಿ. ಎಳೆ ಮಗುವಿನ ಮೈಯಿಂದ ಕೆಫೀನ್ ಹೋಗಲು ದಿನಗಟ್ಟಲೆ ಬೇಕು. ಮಗು ನಿದ್ದೆಗೆಟ್ಟು ಒದ್ದಾಡಿದರೆ ಮೊದಲು ಕಾಫಿ ಕಡಿಮೆ ಮಾಡಿ ನೋಡಿ. ಕಬ್ಬಿಣದ ಮಾತ್ರೆಯನ್ನು ಕಾಫಿಯ ಜೊತೆ ನುಂಗಬೇಡಿ, ಮೈಗೆ ಹಿಡಿಯುವುದಿಲ್ಲ.

ಬ್ರಾಂಡಿ ಬೇಡ. ಹಾಲು ಹೆಚ್ಚುತ್ತದೆಂಬ ನಂಬಿಕೆ ತಲೆಕೆಳಗಾದದ್ದು. ಮದ್ಯ ಹಾಲು ಇಳಿಸುವ ಹಾರ್ಮೋನನ್ನೇ ತಡೆಯುತ್ತದೆ. ರಕ್ತದಲ್ಲಿ ಎಷ್ಟಿದೆಯೋ ಹೆಚ್ಚುಕಡಿಮೆ ಅಷ್ಟೇ ಹಾಲಿನಲ್ಲೂ ಇರುತ್ತದೆ. ಹಿಂಡಿ ಚೆಲ್ಲಿದರೆ ಬೇಗ ಹೋಗದು. ಕುಡಿದವರು, ತಾಯಿಯೇ ಆಗಲಿ ಅಜ್ಜಿಯೇ ಆಗಲಿ, ಮಗುವಿನ ಪಕ್ಕ ಮಲಗಲೇಬಾರದು.

ಜೇನು ಒಂದು ವರ್ಷದವರೆಗೆ ಒಂದು ಹನಿಯೂ ಕೂಡದು. ಎಷ್ಟೇ ಶುದ್ಧ ಕೊಡಗಿನ ಜೇನಾದರೂ ಬಾಟ್ಯುಲಿಸಂ ರೋಗಾಣುವಿನ ಬೀಜಕಣ ಅದರಲ್ಲಿರಬಹುದು, ಕಾಯಿಸಿದರೂ ಅದು ಸಾಯುವುದಿಲ್ಲ. ಮಗುವಿನ ಎಳೆ ಕರುಳಿನಲ್ಲಿ ಬೆಳೆದು ಮೈಯ ಸ್ನಾಯುಗಳನ್ನು ಸೋಲಿಸುತ್ತದೆ, ಉಸಿರಾಟಕ್ಕೂ ಕುತ್ತು ತರಬಹುದು. ಬಜೆ, ಗ್ರೈಪ್ ವಾಟರ್, ಸಕ್ಕರೆ ನೀರು ಕೂಡ ಬೇಡ. ಆರು ತಿಂಗಳು ಎದೆಹಾಲು ಮಾತ್ರ. ಅದರ ಜೊತೆಗೆ ವೈದ್ಯರು ಹೇಳಿದ ವಿಟಮಿನ್ ಡಿ ಹನಿ, ದಿನಕ್ಕೆ 400 ಐಯು.

ಬಾಣಂತಿಗೆ ಎಷ್ಟು ನೀರು ಕೊಡಬೇಕು?
*– ಓದುಗ, ಶನಿವಾರಸಂತೆ*

ಬಾಯಾರಿದಷ್ಟು. ಹಾಲೂಡಿಸಲು ಕೂರುವಾಗ ಕೈಗೆಟಕುವಂತೆ ಒಂದು ಚೊಂಬು ಇಡಿ.

ಮೂರು ತಿಂಗಳಿಗೆ ತೋಟದ ಕೆಲಸಕ್ಕೆ ಮರಳಬೇಕು. ಹಾಲು ಹಿಂಡಿಟ್ಟು ಹೋಗಬಹುದೇ? ಮಳೆಯಲ್ಲಿ ಕರೆಂಟು ದಿನಗಟ್ಟಲೆ ಇರುವುದಿಲ್ಲ.
*– ಓದುಗಿ, ಸಿದ್ದಾಪುರ*

ಖಂಡಿತ. ಸೋಪಿನಲ್ಲಿ ಕೈ ತೊಳೆದು, ಕುದಿಸಿ ಆರಿಸಿದ ಸ್ಟೀಲ್ ಲೋಟ ಹಿಡಿಯಿರಿ. ತೊಟ್ಟಿನಿಂದ ಮೂರು ಸೆಂಟಿಮೀಟರ್ ಹಿಂದೆ, ಮೇಲೆ ಹೆಬ್ಬೆರಳು, ಕೆಳಗೆ ಎರಡು ಬೆರಳು. ಮೊದಲು ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಬೆರಳು ಕೂಡಿಸಿ ಬಿಡಿ. ಚರ್ಮದ ಮೇಲೆ ಜಾರಿಸಬೇಡಿ. ಬೆರಳಿನ ಜಾಗ ಸುತ್ತ ಬದಲಿಸುತ್ತ, ಎರಡು ಕಡೆ ಸೇರಿ 20ರಿಂದ 30 ನಿಮಿಷ. ಪಂಪ್ ಆದರೆ ಕೊಳವೆಯ ಬಾಯಿ ತೊಟ್ಟಿಗಿಂತ ಎರಡು ಮೂರು ಮಿಲಿಮೀಟರ್ ಮಾತ್ರ ಅಗಲವಿರಲಿ. ಎಳೆತ ಕಡಿಮೆಯಾದರೆ ಹಾಲು ಬತ್ತಿತೆಂದು ಅಳುವ ಮೊದಲು ಪಂಪಿನ ಸಿಲಿಕೋನ್ ವಾಲ್ವ್ ಹರಿದಿದೆಯೇ ನೋಡಿ.

ಮುಚ್ಚಿಟ್ಟ ಹಾಲು ಹೊರಗೆ ನಾಲ್ಕು ಗಂಟೆ, ಫ್ರಿಜ್‌ನ ಒಳಗೋಡೆಯ ಹತ್ತಿರ ನಾಲ್ಕು ದಿನ ಇರುತ್ತದೆ. ಕರೆಂಟು ಹೋದರೆ ಬಾಗಿಲು ತೆರೆಯದ ಫ್ರಿಜ್ ಸುಮಾರು ನಾಲ್ಕು ಗಂಟೆ ತಂಪಾಗಿರುತ್ತದೆ, ಅಷ್ಟೇ. ಹಾಗಾಗಿ ಮಳೆಗಾಲದಲ್ಲಿ ದಾಸ್ತಾನು ಮಾಡಬೇಡಿ, ಬೆಳಿಗ್ಗೆ ಹಿಂಡಿದ್ದು ಮಧ್ಯಾಹ್ನದೊಳಗೆ ಮುಗಿಯಲಿ. ಒಲೆಯ ಮೇಲೆ ಕಾಯಿಸದೆ, ಬಿಸಿನೀರಿನ ಪಾತ್ರೆಯಲ್ಲಿ ಲೋಟ ಇಳಿಸಿ ಬೆಚ್ಚಗೆ ಮಾಡಿ. ಕೆನೆ ಬೇರೆಯಾಗಿದ್ದರೆ ಕೆಟ್ಟಿಲ್ಲ, ಮೆಲ್ಲಗೆ ಅಲ್ಲಾಡಿಸಿ. ಮಗು ಬಿಟ್ಟ ಹಾಲನ್ನು ಎರಡು ಗಂಟೆಯ ಮೇಲೆ ಇಡಬೇಡಿ.

ಆದರೆ ಮೂರು ತಿಂಗಳಿಗೇ ಏಕೆ ಹೋಗಬೇಕು ಎಂದೂ ಕೇಳಿಕೊಳ್ಳಿ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯ ನಂತರ ಮೊದಲ ಎರಡು ಮಕ್ಕಳಿಗೆ ಸಂಬಳ ಸಹಿತ ಹೆರಿಗೆ ರಜೆ 26 ವಾರ, ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದಿರಬೇಕು. ಈ ನಿಯಮ ತೋಟಗಳಿಗೂ ಅನ್ವಯಿಸುತ್ತದೆ. ಕೆಲಸಕ್ಕೆ ಮರಳಿದ ಮೇಲೆ ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ವಿರಾಮ ಬೇರೆಯಾಗಿ ಸಿಗಬೇಕು. 50 ಅಥವಾ ಹೆಚ್ಚು ಕೆಲಸಗಾರರಿರುವಲ್ಲಿ ಶಿಶುಪಾಲನಾ ಕೊಠಡಿ ಇರಬೇಕು, ದಿನಕ್ಕೆ ನಾಲ್ಕು ಸಲ ಹೋಗಿಬರಲು ಬಿಡಬೇಕು. ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದಿದ್ದರೆ ಇದ್ಯಾವುದನ್ನೂ ಕೇಳುವುದು ಕಷ್ಟ. ಬಸುರಿಯಾಗಿರುವಾಗಲೇ ಹೆಸರು ಬರೆದಿದ್ದಾರೆಯೇ ಎಂದು ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ನೋಡಿಸಿಕೊಳ್ಳಿ, ಕೂಲಿ ಚೀಟಿಗಳನ್ನು ಎತ್ತಿಡಿ.